ಹಿತ್ತಲ ಬಾಗಿಲ ಅಗುಳಿ

ಮಗಳು ತನ್ನ ಫೋನಿಗೆ ಬಂದಿದ್ದ ಸಂಖ್ಯೆ ನೋಡಿಕೊಂಡು ಹಿತ್ತಲ ಬಾಗಿಲಿನ ಗುಂಡಿಗಳನ್ನು ಒತ್ತಿದಳು. ಬಾಗಿಲು ಸದ್ದೇ ಇಲ್ಲದೆ ತೆರೆದುಕೊಂಡಿತು. ನನಗೆ ಸಿಟ್ಟು ಬಂತು.

"ವಾಟ್ ಹ್ಯಾಪನ್ಡ್ ಅಮ್ಮಾ? ನಿಂಗೆ ಇಷ್ಟ ಆಗ್ಲಿಲ್ವಾ?" ಎಂದಳು. ಪಾಪ, ನನ್ನ ಹುಟ್ಟುಹಬ್ಬಕ್ಕೆಂದು ಹುಡುಕಾಡಿ ಈ ಮನೆಯನ್ನೇ ಬುಕ್ ಮಾಡಿದ್ದಳು. ತಾನು ಹುಟ್ಟುವ ಮೊದಲು ಅಪ್ಪ ಅಮ್ಮ ಇಲ್ಲಿ ಕೆಲವು ತಿಂಗಳು ಹಾಸ್ಟೆಲ್ ನಡೆಸಿದ್ದರು ಎನ್ನುವುದಷ್ಟೇ ಅವಳಿಗೆ ಗೊತ್ತು. ನಾವೀಗ ಇರುವ ಫೋರ್ಟ್ ಮಿಲ್‌ನಿಂದ ಹೊರಟು, ಆಶ್‌ವಿಲ್ ದಾಟಿ, ಬೆಟ್ಟದ ತಿರುವುಗಳನ್ನು ಹತ್ತಿ ಬರುವವರೆಗೂ ಅವಳೇ ಡ್ರೈವ್ ಮಾಡಿದ್ದಳು. ಅವರಪ್ಪ ಬರಲಿಲ್ಲ. "ನೀವಿಬ್ರೂ ಹೋಗ್ಬನ್ನಿ, ನಂಗೆ ಮೊಣಕಾಲು ನೋವು" ಎಂದರು. ಕಾರಣ ಮೊಣಕಾಲಲ್ಲ ಎಂದು ನನಗೆ ಗೊತ್ತಿತ್ತು.

ಒಳಗೆ ಎಲ್ಲವೂ ಬದಲಾಗಿತ್ತು. ಸೌದೆ ಒಲೆ ಇದ್ದ ಗೋಡೆಯ ಮೇಲೆ ದೊಡ್ಡ ಟೀವಿ. ಅಡುಗೆಮನೆಗೆ ಹೊಳೆಯುವ ಕಪ್ಪು ಕಲ್ಲು. ಆದರೆ ಪಕ್ಕದ ಉಗ್ರಾಣದ ಬಾಗಿಲು ತೆಗೆದ ಕೂಡಲೇ ಆ ವಾಸನೆ ಮುಖಕ್ಕೆ ಬಡಿಯಿತು. ಹಳೆಯ ಹೊಗೆ, ಒಣಗಿದ ಸೇಬು, ಒದ್ದೆ ಉಣ್ಣೆ. ನಾನು ವಾಪಸ್ ಬಂದು ಹಿತ್ತಲ ಬಾಗಿಲಿನ ಚೌಕಟ್ಟಿನ ಮೇಲೆ ಕೈಯಾಡಿಸಿದೆ. ಬಿಳಿ ಬಣ್ಣದ ಕೆಳಗೆ, ಅಗುಳಿ ಕೂರಿಸಿದ್ದ ಜಾಗದ ತೂತುಗಳು ಬೆರಳಿಗೆ ಸಿಕ್ಕವು.

ತೊಂಬತ್ತರ ದಶಕದ ನಡುವಿನ ಮಾತಿದು. ಅಟ್ಲಾಂಟಾದಲ್ಲಿ ನನ್ನ ಗಂಡ ರಘು ಕೆಲಸ ಮಾಡುತ್ತಿದ್ದ, ನಕ್ಷೆ ಬರೆಯುವ ಸಣ್ಣ ಕಂಪನಿ ಮುಚ್ಚಿಹೋಗಿತ್ತು. ಗ್ರೀನ್ ಕಾರ್ಡ್ ಬಂದಿದ್ದರಿಂದ ಗಂಟುಮೂಟೆ ಕಟ್ಟಬೇಕಾದ ಭಯವಿರಲಿಲ್ಲ; ಕೆಲಸ ಮಾತ್ರ ಇರಲಿಲ್ಲ. ಒಂದು ದಿನ ಪೇಪರಿನಲ್ಲಿ ಜಾಹೀರಾತು ಕಂಡಿತು. ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ, ಕಾಡುಹಾದಿ ನಡೆಯುವ ಹೈಕರ್‌ಗಳು ತಂಗುವ ಹಾಸ್ಟೆಲ್ ನೋಡಿಕೊಳ್ಳಲು ಗಂಡ ಹೆಂಡತಿ ಬೇಕು, ಸೆಪ್ಟೆಂಬರಿನಿಂದ ಹಿಮ ಕೂರುವವರೆಗೆ. ನಡೆಯುವುದೆಂದರೆ ಪ್ರಾಣ ಬಿಡುವ ರಘು ಕುಣಿದಾಡಿದರು. ನಾನು ಕುಣಿಯಲಿಲ್ಲ. ಮೈಸೂರಿನಲ್ಲಿ ಬೆಳೆದವಳು ನಾನು, ಚಳಿಗಾಲವೆಂದರೆ ಬೆಳಗ್ಗೆ ಹಾಲು ತರುವಾಗ ಹಾಕಿಕೊಳ್ಳುವ ಒಂದು ಸ್ವೆಟರ್ ಎಂದುಕೊಂಡಿದ್ದವಳು. ಅದೂ ಅಲ್ಲದೆ ಅತ್ತೆಯ ಟಿಕೆಟ್ ಆಗಿಹೋಗಿತ್ತು. "ಬೇರೆಯವರ ಅತ್ತೆಯರು ನಯಾಗರಾ ನೋಡಕ್ಕೆ ಬರ್ತಾರೆ, ನಿಮ್ಮತ್ತೆ ಬೆಟ್ಟದ ಮೇಲೆ ಹಾಸಿಗೆ ಮಡಿಸಕ್ಕೆ ಬರ್ತಾರಾ?" ಎಂದು ಅಟ್ಲಾಂಟಾದ ಗೆಳತಿಯರು ಕಾಲೆಳೆದರು.

ನಮ್ಮನ್ನು ಕೆಲಸಕ್ಕೆ ತೆಗೆದುಕೊಂಡದ್ದು ಮನೆಯೊಡತಿಯ ಮಗಳು ಕ್ಯಾರಲ್. ಷಾರ್ಲೆಟ್‌ನ ತನ್ನ ಮನೆಯಲ್ಲಿ ಕಾಫಿ ಕೊಟ್ಟು ನೇರವಾಗಿ ವಿಷಯಕ್ಕೆ ಬಂದಳು. ಅವಳ ತಾಯಿ ರೂತ್ ಹಿಂದಿನ ಚಳಿಗಾಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಇನ್ನೊಂದು ಚಳಿಗಾಲವನ್ನು ಅಲ್ಲಿ ಒಬ್ಬರೇ ಕಳೆದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. "ಹಾಸ್ಟೆಲ್ ನೋಡ್ಕೊಳ್ಳೋದು ಹೆಂಗೋ ಆಗತ್ತೆ. ಹಿಮ ಕೂರೋದ್ರೊಳಗೆ ಅಮ್ಮ ನನ್ನ ಜೊತೆ ಬರೋ ಹಾಗೆ ಮಾಡಿ. ನಿಮ್ಮ ನಿಜವಾದ ಕೆಲಸ ಅದು. ಆ ಹಿಂದಿನ ಬಾಗಿಲು ಬಿಟ್ಟು ಅವಳು ಬರಲ್ಲ."

"ಯಾವ ಬಾಗಿಲು?" ಎಂದೆ.

"ಹೋಗಿ. ನಿಮಗೇ ಗೊತ್ತಾಗತ್ತೆ" ಎಂದಳು.

ಅದು ಹಳೆಯ ತೋಟದ ಮನೆ. ಮುಂಬಾಗಿಲು ಟಾರು ರಸ್ತೆಗೆ, ಹಿತ್ತಲ ಬಾಗಿಲು ಬೆಟ್ಟಕ್ಕೆ. ಪಕ್ಕದ ಕೊಟ್ಟಿಗೆಯನ್ನು ಸರಿಮಾಡಿ ಒಂದರ ಮೇಲೊಂದು ಮಂಚ ಹಾಕಿದ್ದರು. ಬೆಟ್ಟದ ನೆತ್ತಿಯ ಮೇಲೆ ಹಾದುಹೋಗುವ ಕಾಲುಹಾದಿಯಿಂದ ಕವಲೊಡೆದ ದಾರಿ ಕಾಡಿನೊಳಗೆ ಇಳಿದಿಳಿದು ನೆಟ್ಟಗೆ ಹಿತ್ತಲ ಮೆಟ್ಟಿಲಿಗೇ ಬಂದು ಮುಟ್ಟುತ್ತಿತ್ತು. ಎಲ್ಲರೂ ಮಿಸ್ ರೂತ್ ಎಂದು ಕರೆಯುತ್ತಿದ್ದ ಆ ಎತ್ತರದ, ಮೂಳೆ ಮೂಳೆಯ ಮುದುಕಿ ವಾಕರ್ ಹಿಡಿದು ಬಂದು, ನಮ್ಮನ್ನು ಕೂರಿಸದೆಯೇ ನಿಯಮಗಳನ್ನು ಹೇಳಿದರು. ಬೂಟು ಹೊರಗೆ ಬಿಡಬೇಕು. ಒದ್ದೆ ಬಟ್ಟೆ ಒಲೆಯ ಹಿಂದಿನ ಹಗ್ಗದ ಮೇಲೆ. ಇನ್ನೆರಡು ನಿಯಮಗಳನ್ನು ಹೇಳುವಾಗ ಧ್ವನಿ ಇಳಿಯಿತು.

"ಬೆಳಕು ಇಳಿಯೋಕೆ ಶುರುವಾದಾಗಿನಿಂದ ಊಟದ ಹೊತ್ತಿನ ತನಕ ಈ ಮನೇಲಿ ಸದ್ದು ಇರಬಾರದು. ರೇಡಿಯೋ ಬೇಡ, ಗಿಟಾರ್ ಬೇಡ, ಪಾತ್ರೆ ಪಗಡಿ ಸದ್ದೂ ಬೇಡ. ಮತ್ತೆ, ಹಿಂದಿನ ಬಾಗಿಲಿಗೆ ಅಗುಳಿ ಹಾಕಬೇಡಿ. ಯಾವತ್ತೂ."

ಹೈಕರ್‌ಗಳು ಈ ಮೌನವನ್ನು ಪ್ರಾರ್ಥನೆ ಎಂದೋ ಧ್ಯಾನ ಎಂದೋ ತಿಳಿದು ಸಂತೋಷದಿಂದ ಪಾಲಿಸುತ್ತಿದ್ದರು. ಕಾರಣ ನನಗೆ ಗೊತ್ತಾದದ್ದು ಕೆಲವು ದಿನಗಳ ಮೇಲೆ, ಮೆಟ್ಟಿಲ ಮೇಲೆ ಕೂತು ಸೇಬು ಹೆಚ್ಚುವಾಗ. ಮಿಸ್ ರೂತ್ ತಲೆ ಎತ್ತದೆಯೇ ಹೇಳಿದರು.

ಅವರ ಗಂಡ ವಾಲ್ಟರ್ ಹೋದದ್ದು ಆ ಬಾಗಿಲಿನಿಂದ. ಕ್ಯಾರಲ್ ಆಗ ಇನ್ನೂ ಶಾಲೆಗೆ ಹೋಗುವ ಹುಡುಗಿ. ಚಳಿಗಾಲದ ಮೊದಲ ಮಂಜು ಇಳಿದಿದ್ದ ಸಂಜೆ, ಬೆಟ್ಟಕ್ಕೆ ಹೋಗಿದ್ದ ಒಬ್ಬ ಅತಿಥಿ ವಾಪಸ್ ಬಂದಿರಲಿಲ್ಲ. ವಾಲ್ಟರ್ ಲಾಂದ್ರ ಹಿಡಿದು ಹುಡುಕಲು ಹೊರಟರು. ಸ್ವಲ್ಪ ಹೊತ್ತಿಗೆ ಆ ಅತಿಥಿ ಯಾರದೋ ಟ್ರಕ್ಕಿನಲ್ಲಿ ರಸ್ತೆಯ ಕಡೆಯಿಂದ ಬಂದು ಮುಂಬಾಗಿಲು ತಟ್ಟಿದ. ವಾಲ್ಟರ್ ಬರಲಿಲ್ಲ. ಊರೆಲ್ಲ ಹುಡುಕಿದರು, ನಾಯಿಗಳನ್ನು ಬಿಟ್ಟರು. ಅಂಗಿಯ ಒಂದು ಗುಂಡಿಯಾಗಲಿ, ಒಂದು ಬೂಟಾಗಲಿ ಸಿಗಲಿಲ್ಲ.

"ಬಾಗಿಲ ಮೇಲಿನ ದೀಪ ಹಾಕಿ, ಕದ ತೆಗೆದು, ಇಲ್ಲೇ ಕೂತಿದ್ದೆ" ಎಂದರು. "ಈಗಲೂ ಕೂರ್ತೀನಿ. ಕ್ಯಾರಲ್‌ಗೆ ನಾನು ಹುಚ್ಚಿ."

ನಾನು ಬಗ್ಗಿ ಮತ್ತೊಂದು ಸೇಬು ಹೆಚ್ಚಿದೆ.

ಕೆಲಸಕ್ಕೇನೂ ಬರವಿರಲಿಲ್ಲ. ಉತ್ತರದಿಂದ ನಡೆದು ಬರುತ್ತಿದ್ದ ಹೈಕರ್‌ಗಳು ಕೆಸರು, ಬೆವರು, ಹೊಗೆಯ ವಾಸನೆ ಹೊತ್ತು ಹಿತ್ತಲಿಗೆ ಇಳಿಯುತ್ತಿದ್ದರು. ಅವರ ಹಾಸು ಹೊದಿಕೆ ಒಗೆಯಬೇಕು, ಬೆಳಗ್ಗೆ ರಾಶಿ ಪ್ಯಾನ್‌ಕೇಕ್ ಹಾಕಬೇಕು, ಇಲಿಗಳ ಜೊತೆ ಯುದ್ಧ ಮಾಡಬೇಕು. ರಘು ಬೆಳಗಿನಿಂದ ಸೌದೆ ಒಡೆಯುತ್ತಿದ್ದರು. ಅಕ್ಟೋಬರ್ ಬಂದಂತೆ ಎದುರಿನ ಬೆಟ್ಟ ಹಳದಿಯಾಯಿತು, ಕೆಂಪಾಯಿತು. ಎಲೆ ನೋಡಲು ಬರುವವರ ಕಾರುಗಳು ಮುಂದಿನ ರಸ್ತೆಯಲ್ಲಿ ಸಾಲುಗಟ್ಟಿದವು. ಆ ಜನ ಹಿತ್ತಲ ಕಡೆ ಮಾತ್ರ ಬರುತ್ತಿರಲಿಲ್ಲ. ಅಲ್ಲಿ ಎಲೆಗಳು ಬೀಳುತ್ತಿದ್ದವು, ಮಿಸ್ ರೂತ್ ಕೂತಿರುತ್ತಿದ್ದರು.

ಆ ಸಂಜೆಗಳು ನನ್ನನ್ನು ಹೆದರಿಸುತ್ತಿದ್ದವು. ಮನೆ ತುಂಬ ಜನ, ಒಂದು ಕೆಮ್ಮೂ ಇಲ್ಲ. ಎಲ್ಲರೂ ಕಿವಿ ಕೊಟ್ಟು ಕೂತಿರುವ ಮನೆಯಲ್ಲಿ ಇದ್ದರೆ ನಮಗೂ ಅದು ಅಂಟಿಕೊಳ್ಳುತ್ತದೆ. ಒಣ ಎಲೆಗಳ ಮೇಲೆ ಅಳಿಲು ಓಡಿದರೂ ಯಾರೋ ಇಳಿದು ಬರುತ್ತಿದ್ದಾರೆ ಎನ್ನಿಸುತ್ತಿತ್ತು. ಮಿಸ್ ರೂತ್ ಬೆನ್ನು ನೆಟ್ಟಗಾಗುತ್ತಿತ್ತು. ಆಮೇಲೆ ಮತ್ತೆ ಬಾಗುತ್ತಿತ್ತು. ಅದನ್ನು ನೋಡಲಾಗುತ್ತಿರಲಿಲ್ಲ.

ದಸರೆಯ ಹೊತ್ತಿಗೆ ಅತ್ತೆ ಬಂದರು. ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ನೋಡಲು ಗುಬ್ಬಿ, ಮಾತು ಮಾತ್ರ ಹದ್ದಿನದು. ಇಂಗ್ಲಿಷ್ ಅಷ್ಟಕ್ಕಷ್ಟೆ. ರಘು ಹಿತ್ತಲಲ್ಲಿದ್ದರೆ ಅಡುಗೆಮನೆಯಿಂದಲೇ "ರಘೂ..." ಎಂದು ಕೂಗುತ್ತಿದ್ದರು, ಅಲ್ಲಿಂದ "ಓ..." ಎಂದು ಬರಲೇಬೇಕು. ಬರದಿದ್ದರೆ, ಕರೆದವರಿಗೆ ಓಗೊಡದ ಮಕ್ಕಳನ್ನು ಹೆತ್ತ ತಮ್ಮ ಹೊಟ್ಟೆಯನ್ನೇ ಬೈದುಕೊಳ್ಳುತ್ತಿದ್ದರು.

"ಅವನು ಹೇಳೋದು ಏನು ಅದು?" ಎಂದು ಮಿಸ್ ರೂತ್ ನನ್ನನ್ನು ಕೇಳಿದರು.

"ಕೇಳಿಸ್ತು, ಇಲ್ಲೇ ಇದೀನಿ, ಬಂದೆ ಅಂತ."

"ಇಷ್ಟೆಲ್ಲ ಆ ಒಂದರಲ್ಲಾ?" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಂದು ವಾರ ಕಳೆಯುವುದರೊಳಗೆ ಅತ್ತೆ "ರೂತಮ್ಮಾ, ಕಾಫಿ" ಎಂದರೆ ಒಳಕೋಣೆಯಿಂದ "ಓ" ಎಂದು ಬರತೊಡಗಿತು.

ಆದರೆ ಅಷ್ಟು ಸಲೀಸಾಗಿ ಅವರಿಬ್ಬರೂ ಹೊಂದಿಕೊಳ್ಳಲಿಲ್ಲ. ಅತ್ತೆ ಬಂದ ಸಂಜೆಯೇ ರಾಮಾಯಣವಾಯಿತು. ಬ್ಯಾಗಿನಿಂದ ಪುಟ್ಟ ಹಿತ್ತಾಳೆಯ ದೀಪ ತೆಗೆದು ಅಡುಗೆಮನೆಯ ಶೆಲ್ಫಿನ ಮೇಲಿಟ್ಟು, ಹತ್ತಿ ಹೊಸೆದು, ದೀಪ ಹಚ್ಚುವ ಮುಂಚೆ ಊರಿನಲ್ಲಿ ಮಾಡುವಂತೆ ಹಿತ್ತಲ ಬಾಗಿಲು ಹಾಕಲು ಹೋದರು. ಸಂಜೆ ದೀಪ ಹಚ್ಚುವಾಗ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ. ಇದು ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಕೈಗೇ ಗೊತ್ತಿರುತ್ತದೆ. ಅತ್ತೆ ಬಾಗಿಲು ಮುಚ್ಚಿದರು. ಅಗುಳಿ ತುಕ್ಕು ಹಿಡಿದು ಕೂತಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಸುರಿದು, ಸೆರಗು ಸುತ್ತಿ ತಳ್ಳಿದರು. ಗೇಣುದ್ದದ ಆ ದಪ್ಪ ಕಬ್ಬಿಣ ಚೌಕಟ್ಟಿನ ಕಬ್ಬಿಣದ ಬಳೆಗೆ ಹೋಗಿ ಢಣ್ ಎಂದು ಬಡಿಯಿತು. ಆ ಮೌನದ ಮನೆಯಲ್ಲಿ ಅದು ಗುಂಡು ಹಾರಿಸಿದಂತೆ ಕೇಳಿಸಿತು. ಹಿಂದಿನ ಬೆಟ್ಟ ಅದನ್ನು ಹಿಡಿದು ವಾಪಸ್ ಎಸೆಯಿತು.

ಮಿಸ್ ರೂತ್ ವಾಕರನ್ನೂ ಬಿಟ್ಟು ಎದ್ದು ಬಂದರು. ಮುಖ ಸುಣ್ಣದಂತಿತ್ತು. "ತೆಗೀರಿ. ತೆಗೀರಿ ಅದನ್ನ!"

"ಡೋರ್ ಕ್ಲೋಸ್. ಲಕ್ಷ್ಮಿ ಗೋಯಿಂಗ್" ಎಂದರು ಅತ್ತೆ ಗಟ್ಟಿಯಾಗಿ.

ನಾನು ಇಬ್ಬರ ನಡುವೆ ನಿಂತು ಅತ್ತ ಕನ್ನಡ, ಇತ್ತ ಇಂಗ್ಲಿಷ್ ಹೇಳಿ ಸುಸ್ತಾದೆ. ವಾಲ್ಟರ್ ಕಥೆ ಕೇಳಿ ಅತ್ತೆ ಮೆತ್ತಗಾದರು, ಆದರೆ ಪಟ್ಟು ಬಿಡಲಿಲ್ಲ. "ನಿಮ್ಮ ಮಾವನೋರು ಹೋದ ದಿನ ಸಂಜೆ ಹಿತ್ತಲ ಬಾಗಿಲು ತೆಗೆದೇ ಇತ್ತು ಕಣೇ ಸುಮಾ. ನಂಗೆ ಗೊತ್ತು, ತೆಗೆದಿಟ್ರೆ ಏನಾಗತ್ತೆ ಅಂತ. ಪಾಪ, ಅವಳಿಗೆ ಯಾರೂ ಹೇಳಿಲ್ಲ." ಇದನ್ನು ನಾನು ಅನುವಾದ ಮಾಡಲಿಲ್ಲ. ಅರ್ಧ ಕಥೆಯನ್ನಷ್ಟೇ ಹೇಳಿದೆ, ಅತ್ತೆಯೂ ಗಂಡನನ್ನು ಕಳೆದುಕೊಂಡವರು, ದೀಪ ಹಚ್ಚಿ ಒಂದು ಹಾಡು ಹೇಳುವಷ್ಟು ಹೊತ್ತು ಬಾಗಿಲು ಹಾಕಿರಬೇಕು, ಅದು ಅವರ ಪದ್ಧತಿ ಎಂದು. ಮಿಸ್ ರೂತ್ ಬಹಳ ಹೊತ್ತು ಆ ಪುಟ್ಟ ದೀಪವನ್ನೇ ನೋಡಿದರು.

"ಹಾಡು ಮುಗಿಯೋ ತನಕ. ಅಷ್ಟೇ" ಎಂದರು.

ಅಂದಿನಿಂದ ಅದೇ ಕ್ರಮವಾಯಿತು. ಸಂಜೆ ಒಂದು ಢಣ್. ಅತ್ತೆಯ ದೀಪದ ಹಾಡು. ಮತ್ತೊಂದು ಢಣ್. ಬಾಗಿಲು ತೆರೆದುಕೊಳ್ಳುತ್ತಿತ್ತು, ಮನೆ ಮತ್ತೆ ಕಿವಿಯಾಗುತ್ತಿತ್ತು. ಮಿಸ್ ರೂತ್ ಆ ಸದ್ದು ಬಂದಾಗಲೆಲ್ಲ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದರು. ಹಾಡು ಮಾತ್ರ ಅವರಿಗೆ ಇಷ್ಟವಾದಂತಿತ್ತು. ನವೆಂಬರಿನಲ್ಲಿ ಬೆಟ್ಟದಿಂದ ಇಳಿದು ಬಂದ ಹುಡುಗಿಯೊಬ್ಬಳು, "ಸಂಜೆ ಗಂಟೆ ಹೊಡೀತೀರಲ್ಲ, ಮೇಲಿನ ಕಣಿವೆ ತನಕ ಕೇಳಿಸ್ತು" ಎಂದಳು. ಅತ್ತೆಗೆ ಹೇಳಿದೆ. "ಹಾಗಾದ್ರೆ ಲಕ್ಷ್ಮಿಗೂ ಕೇಳಿಸಿರತ್ತೆ ಬಿಡು" ಎಂದು ನಕ್ಕರು. ನಾವ್ಯಾರೂ ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಎಲೆಗಳೆಲ್ಲ ಉದುರಿದವು. ಕಾಡಿನೊಳಗೆ ದೂರದವರೆಗೂ ಬೋಳು ಮರಗಳು ಕಾಣತೊಡಗಿದವು. ಹೈಕರ್‌ಗಳು ಕಡಿಮೆಯಾದರು. ರಘು ಕೊಟ್ಟಿಗೆಯ ನಲ್ಲಿಗಳ ನೀರು ಖಾಲಿ ಮಾಡಿದರು, ಇಲ್ಲದಿದ್ದರೆ ಚಳಿಗೆ ಪೈಪು ಒಡೆಯುತ್ತದಂತೆ. ಪ್ರತಿ ಭಾನುವಾರ ಕ್ಯಾರಲ್ ಫೋನ್ ಮಾಡುತ್ತಿದ್ದಳು. "ಏನಂತಾಳೆ?" ಅದೇ ಉತ್ತರ. ನಾನು ಹೇಳಿದೆ, ರಘು ಹೇಳಿದರು, ಅತ್ತೆ ಕೈಹಿಡಿದು ಕನ್ನಡದಲ್ಲೇ ಹೇಳಿದರು. ಮಿಸ್ ರೂತ್ ತಲೆ ಅಲ್ಲಾಡಿಸುತ್ತಿದ್ದರು. ಮನೆ ಖಾಲಿಯಿದ್ದ ದಿನ ಅವನು ಬಂದರೆ ಎನ್ನುವುದೊಂದೇ ಮಾತು. ನಾವು ಹೊರಟ ಮೇಲೆ ಆ ಹೆಂಗಸು ಒಬ್ಬಳೇ, ತೆರೆದ ಬಾಗಿಲ ಮುಂದೆ, ಹಿಮದಲ್ಲಿ ಕೂತು ಸಾಯುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಕನಸಿನಲ್ಲೂ ಆ ಕುರ್ಚಿ ಕಾಣುತ್ತಿತ್ತು.

ಡಿಸೆಂಬರ್ ಮೊದಲಲ್ಲಿ ಹಾಸ್ಟೆಲ್‌ನಲ್ಲಿ ಉಳಿದಿದ್ದವರು ಒಬ್ಬರೇ, ಒಹಾಯೊದಿಂದ ಬಂದಿದ್ದ ನಿವೃತ್ತ ಮೇಷ್ಟ್ರು. ಬೆಳಗ್ಗೆ ತಿಂಡಿ ತಿಂದು, ಬ್ಯಾಗು ಇಲ್ಲೇ ಬಿಟ್ಟು, ಮೇಲಿನ ಕಣಿವೆ ನೋಡಿಕೊಂಡು ಬರುತ್ತೇನೆ ಎಂದು ಹೋದರು. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಮೈಸೂರಿನ ಮಂಜು ಅಲ್ಲ ಅದು. ಹಿತ್ತಲ ಮೆಟ್ಟಿಲಲ್ಲಿ ನಿಂತರೆ ಸೌದೆಯ ರಾಶಿ ಕಾಣುತ್ತಿರಲಿಲ್ಲ. ಮೇಷ್ಟ್ರು ಬರಲಿಲ್ಲ. ರಘು ಜಾಕೆಟ್ ಹಾಕಿಕೊಂಡು ಟಾರ್ಚ್ ತೆಗೆದುಕೊಂಡರು.

ಮಿಸ್ ರೂತ್ ಬಾಗಿಲಿಗೆ ಅಡ್ಡ ನಿಂತರು. "ಹೋಗಬೇಡ. ಆ ಮನುಷ್ಯ ರಸ್ತೆ ಕಡೆಯಿಂದ ಬರ್ತಾನೆ. ಕೇಳು ನನ್ನ ಮಾತು, ಅವರು ಮುಂಬಾಗಿಲಿಗೇ ಬರ್ತಾರೆ."

"ಬೇಗ ಬಂದ್ಬಿಡ್ತೀನಿ ಮಿಸ್ ರೂತ್, ದಾರಿ ನಂಗೆ ಚೆನ್ನಾಗಿ ಗೊತ್ತು" ಎಂದು ರಘು ಅವರ ಭುಜ ಮುಟ್ಟಿ, ಪಕ್ಕಕ್ಕೆ ಸರಿಸಿ, ಹೊರಟೇಬಿಟ್ಟರು. ನಾಲ್ಕು ಹೆಜ್ಜೆಗೆ ಕಾಣದಾದರು.

ಸ್ವಲ್ಪ ಹೊತ್ತಿಗೆ ಮುಂಬಾಗಿಲು ತಟ್ಟಿದ ಸದ್ದಾಯಿತು. ಮೇಷ್ಟ್ರು. ದಾರಿ ತಪ್ಪಿ ಇನ್ನೊಂದು ಪಕ್ಕಕ್ಕೆ ಇಳಿದು, ಯಾರದೋ ಟ್ರಕ್ಕಿನಲ್ಲಿ ಬಂದಿದ್ದರು. ಟೋಪಿ ಕೈಯಲ್ಲಿ ಹಿಡಿದು ಕ್ಷಮೆ ಕೇಳುತ್ತಿದ್ದರು. ನಾನು ಮಿಸ್ ರೂತ್ ಮುಖ ನೋಡಿದೆ, ನೋಡಬಾರದಿತ್ತು. ಅವರು ಮೇಷ್ಟ್ರನ್ನು ನೋಡುತ್ತಲೇ ಇರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ಬೇರೆ ಯಾವುದೋ ವರ್ಷದ ಮುಂಬಾಗಿಲು.

ಫೋನ್ ಮಾಡಿದೆ. ಕೆಳಗಿನ ಊರಿನ ಜನ ಹೊರಟೆವು ಎಂದರು, ಆದರೆ ಆ ಮಂಜಿನಲ್ಲಿ ರಸ್ತೆಯೇ ಕಾಣುತ್ತಿಲ್ಲ, ತಡವಾಗುತ್ತದೆ ಎಂದರು. ಬೆಳಕು ಇಳಿಯತೊಡಗಿತು. ಕಾಯುವುದು ಎಂದರೇನು ಎಂದು ಮೂರು ತಿಂಗಳಿಂದ ದೂರದಿಂದ ನೋಡಿದ್ದೆ. ಈಗ ನನ್ನ ಸರದಿ.

ಅತ್ತೆ ದೀಪ ಹಚ್ಚಲು ಎದ್ದರು. ಅಭ್ಯಾಸದಂತೆ ಅಗುಳಿಯ ಮೇಲೆ ಕೈಯಿಟ್ಟವರು ಹಾಗೇ ನಿಂತುಬಿಟ್ಟರು. "ಬೇಡ" ಎಂದರು. "ಮಗು ಹೊರಗಿದೆ. ಇವತ್ತು ಹಾಕಲ್ಲ."

ಆಗ ಮಿಸ್ ರೂತ್ ಎದ್ದು ಬಂದರು. ಅತ್ತೆಯನ್ನು ದಾಟಿ ಬಾಗಿಲು ದಬ್ಬಿ, ಎರಡೂ ಕೈಯಿಂದ ಅಗುಳಿ ತಳ್ಳಿದರು. ಢಣ್. "ಹಾಕಿ! ನಿಮ್ಮ ಪದ್ಧತಿನೇ ಸರಿ. ಇಷ್ಟು ವರ್ಷ ತೆಗೆದಿಟ್ಟೆ ನಾನು, ಯಾರು ಬಂದ್ರು? ಯಾರು ಬಂದ್ರು ಹೇಳಿ!"

"ಬೇಡ ರೂತಮ್ಮ, ನನ್ ಮಗ ಹೊರಗಿದಾನೆ!" ಅತ್ತೆ ಎಳೆದರು. ಢಣ್.

ಮಿಸ್ ರೂತ್ ತಳ್ಳಿದರು. ಅತ್ತೆ ಎಳೆದರು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಇಬ್ಬರೂ ಅಳುತ್ತಿದ್ದರು, ಇಬ್ಬರೂ ಬೈಯುತ್ತಿದ್ದರು. ಢಣ್, ಢಣ್, ಢಣ್. ನಾನು ನಡುವೆ ಹೋದರೆ ನನ್ನನ್ನೂ ತಳ್ಳಿದರು. ಮೇಷ್ಟ್ರು ಕಾಫಿಯ ಕಪ್ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಇಬ್ಬರು ಮುದುಕಿಯರಿಗೆ ಎಲ್ಲಿಂದ ಅಷ್ಟು ಶಕ್ತಿ ಬಂತೋ, ಎಷ್ಟು ಹೊತ್ತು ಹಾಗೆ ಕಿತ್ತಾಡಿದರೋ. ಕೊನೆಗೆ ಮಿಸ್ ರೂತ್ ಸೋತು ಕುರ್ಚಿಗೆ ಕುಸಿದರು. ಅತ್ತೆ ಬಾಗಿಲು ಹಾರುಹೊಡೆದು ಮೆಟ್ಟಿಲ ಮೇಲೆ ನಿಂತು, ಆ ಬಿಳಿಯ ಗೋಡೆಯೊಳಕ್ಕೆ ತಮ್ಮ ಮೈಯ ಉಸಿರನ್ನೆಲ್ಲ ಸೇರಿಸಿ ಕೂಗಿದರು.

"ರಘೂ..."

ಏನೂ ಇಲ್ಲ. ಮತ್ತೆ ಕೂಗಿದರು. ಆಮೇಲೆ, ನಾವು ಯಾರೂ ಎಣಿಸದ ಕಡೆಯಿಂದ, ಎಡಗಡೆಯ ಹಳ್ಳದ ಕಡೆಯಿಂದ ಬಂತು.

"ಓ..."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ರಘು ಕುಂಟುತ್ತಾ ಮಂಜಿನಿಂದ ಹೊರಗೆ ಬಂದರು. ಪ್ಯಾಂಟು ಹರಿದು ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಅತ್ತೆ ಮಗನ ಬೆನ್ನಿಗೆ ಎರಡು ಗುದ್ದಿ ಆಮೇಲೆ ತಬ್ಬಿಕೊಂಡರು.

"ಯಾರಮ್ಮ ಅದು ಬಾಗಿಲು ಹಾಗೆ ಬಡೀತಿದ್ದಿದ್ದು?" ಎಂದರು ರಘು, ಒಲೆಯ ಮುಂದೆ ಕೂತ ಮೇಲೆ. "ಅದಿಲ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ. ದಾರಿ ಪೂರ್ತಿ ತಪ್ಪಿತ್ತು. ಟಾರ್ಚ್ ಹಾಕಿದ್ರೆ ಬಿಳಿ ಬಟ್ಟೆ ಹಿಡಿದ ಹಾಗೆ, ಕಾಲೇ ಕಾಣ್ತಿರ್ಲಿಲ್ಲ. ದೀಪ ಗೀಪ ಏನೂ ಕಾಣಿಸ್ಲಿಲ್ಲ. ಆ ಸದ್ದು ಹಿಡ್ಕೊಂಡೇ ಇಳಿದೆ."

"ಏನಂತಾನೆ?" ಎಂದು ಮಿಸ್ ರೂತ್ ಕೇಳಿದರು.

ನಾನು ಯೋಚಿಸದೆ ಹೇಳಿಬಿಟ್ಟೆ. ಬೆಳಕು ಕಾಣಿಸಲಿಲ್ಲವಂತೆ, ಅಗುಳಿಯ ಸದ್ದು ಕೇಳಿಸಿತಂತೆ, ಅದರಿಂದ ಬದುಕಿದರಂತೆ. ಹೇಳುತ್ತಾ ಹೇಳುತ್ತಾ ಅವರ ಮುಖ ನೋಡಿದಾಗ ಬಾಯಿಯಲ್ಲಿದ್ದ ಮಾತು ನಿಂತಿತು.

ಮಿಸ್ ರೂತ್ ಬಾಗಿಲ ಕಡೆ ನೋಡುತ್ತಿದ್ದರು. ಬಹಳ ಮೆಲ್ಲಗೆ ಹೇಳಿದರು. "ನಾನು ಎಲ್ಲರನ್ನೂ ಸುಮ್ಮನಿರಿಸಿದೆ. ಅವತ್ತು ಮನೆ ತುಂಬ ಜನ ಇದ್ದರು. ಮಾತಾಡಬೇಡಿ, ಮಿಸುಕಬೇಡಿ ಅಂದೆ. ಕ್ಯಾರಲ್ ಅಳ್ತಿತ್ತು, ಬಾಯಿ ಮುಚ್ಚಿ ಹಿಡ್ಕೊಂಡೆ. ಅವನ ಹೆಜ್ಜೆ ನನಗೆ ಕೇಳಿಸಲಿ ಅಂತ."

ಒಲೆಯಲ್ಲಿ ಸೌದೆ ಸಿಡಿಯಿತು.

"ಅವನೂ ಅಲ್ಲಿ ನಿಂತು ಕೇಳಿಸ್ಕೊಳ್ತಿದ್ದ" ಎಂದರು.

ಅತ್ತೆ ನನ್ನನ್ನು ಏನೆಂದು ಕೇಳಲಿಲ್ಲ. ಹೋಗಿ ಆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಮಿಸ್ ರೂತ್ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದರು.

ಮರುದಿನ ಸಂಜೆ ಹಿಮ ಬಿತ್ತು. ಮೌನದ ಹೊತ್ತಿಗೆ ಮಿಸ್ ರೂತ್ ತಾವೇ ಬಾಗಿಲಿಗೆ ಹೋಗಿ ಅಗುಳಿ ತಳ್ಳಿದರು, ಎಳೆದರು, ತಳ್ಳಿದರು. ಕೈ ಸೋಲುವವರೆಗೂ. ಕೈ ಸೋತಾಗ ಅತ್ತೆ ಅವರ ಮೊಣಕೈಗೆ ಆಸರೆ ಕೊಟ್ಟರು. ಬೆಟ್ಟ ಪ್ರತಿಯೊಂದನ್ನೂ ವಾಪಸ್ ಕೊಡುತ್ತಿತ್ತು. ನಾನು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದೆ.

ಆ ವಾರವೇ ಕ್ಯಾರಲ್ ಬಂದಳು, ದೊಡ್ಡ ಜಗಳಕ್ಕೆ ಸಿದ್ಧಳಾಗಿ. ಜಗಳವೇ ಆಗಲಿಲ್ಲ. "ಹೋಗೋಣ" ಎಂದರು ತಾಯಿ. ರಘುವನ್ನು ಕರೆದು ಅಗುಳಿ ಬಿಚ್ಚಿಕೊಡಲು ಹೇಳಿದರು, ಬಳೆಯ ಸಮೇತ. ಅದನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು. ಹಿಂದಿರುಗಿ ಮನೆಯ ಕಡೆ ನೋಡಲಿಲ್ಲ. ಕೆಲಸ ಆಯಿತು. ಕ್ಯಾರಲ್ ನನ್ನನ್ನು ತಬ್ಬಿಕೊಂಡು ಏನು ಮಾಡಿದಿರಿ, ಹೇಗೆ ಒಪ್ಪಿಸಿದಿರಿ ಎಂದು ಮತ್ತೆ ಮತ್ತೆ ಕೇಳಿದಳು. ನಾನು ಏನೋ ಹೇಳಿದೆ.

ಅಟ್ಲಾಂಟಾಗೆ ವಾಪಸ್ ಬರುವಾಗ, ಬೆಟ್ಟ ಪೂರ್ತಿ ಇಳಿದ ಮೇಲೆ, ರಘು ಸ್ಟೀರಿಂಗ್ ಹಿಡಿದುಕೊಂಡೇ ಒಂದು ಮಾತು ಹೇಳಿದರು. "ಅವತ್ತು ಇಳಿಯುವಾಗ ನನ್ನ ಪಕ್ಕದಲ್ಲಿ ಇನ್ಯಾರೋ ಇಳೀತಿದ್ರು ಕಣೇ. ಎಲೆ ಸದ್ದು. ನಾನು ನಿಂತ್ರೆ ನಿಲ್ತಿತ್ತು, ಅಗುಳಿ ಬಡಿದ ಕೂಡ್ಲೆ ಮತ್ತೆ ಶುರು. ಹಳ್ಳದ ತನಕ ಬಂತು." ಕನ್ನಡಿ ನೋಡಿಕೊಂಡು, "ಜಿಂಕೆ ಇರಬೇಕು" ಎಂದರು. ಹಿಂದಿನ ಸೀಟಿನಲ್ಲಿದ್ದ ಅತ್ತೆ ತಿರುಗಿ ಬೆಟ್ಟದ ಕಡೆ ನೋಡಿದರು. ರಘು ಆಮೇಲೆ ಎಂದೂ ಬೆಟ್ಟ ಹತ್ತಲಿಲ್ಲ, ಆ ಮಾತನ್ನು ಇನ್ನೊಮ್ಮೆ ಎತ್ತಲೂ ಇಲ್ಲ.

ಅತ್ತೆ ಊರಿಗೆ ಹೊರಡುವ ಮುಂಚೆ, ಫೆಬ್ರವರಿಯ ಒಂದು ಸಂಜೆ ಕ್ಯಾರಲ್ ಫೋನ್ ಮಾಡಿದಳು. ದನಿಯಲ್ಲಿ ಸುಸ್ತು. "ಸುಮಾ, ಅಮ್ಮ ದಿನಾ ಸಂಜೆ ಹಿಂದಿನ ವರಾಂಡದಲ್ಲಿ ನಿಂತು ಆ ಕಬ್ಬಿಣ ಬಡೀತಾಳೆ. ಅಕ್ಕಪಕ್ಕದವರು ಕೇಳ್ತಿದಾರೆ. ಏನಿದು? ಎಷ್ಟು ಹೇಳಿದ್ರೂ ನಿಲ್ಲಿಸಲ್ಲ."

ದೂರದಲ್ಲಿ, ಫೋನಿನೊಳಗೆ, ನನಗೂ ಕೇಳಿಸಿತು. ಢಣ್. ಏನು ಹೇಳಲಿ? ಆ ರಾತ್ರಿ ನಿನ್ನ ಬಾಯಿ ಮುಚ್ಚಿ ಹಿಡಿದದ್ದು ನಿನಗೆ ನೆನಪಿದೆಯೇ ಎಂದು ಕೇಳಲೇ? ಅಡುಗೆಮನೆಯಲ್ಲಿ ದೀಪ ಹಚ್ಚುತ್ತಿದ್ದ ಅತ್ತೆ ನನ್ನ ಮುಖ ನೋಡಿ ಹತ್ತಿರ ಬಂದರು. ಹೇಳಿದೆ.

"ರೂತಮ್ಮನ ಹತ್ರ ಫೋನ್ ಹಿಡಿ ಅನ್ನು" ಎಂದರು.

ಕ್ಯಾರಲ್ ಹಿಡಿದಳು. ಸದ್ದು ಜೋರಾಯಿತು. ಢಣ್. ಢಣ್. ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಕಣ್ಣು ಮುಚ್ಚಿ, ಬಾಯಿಯ ಹತ್ತಿರ ತಂದರು. ಹಿತ್ತಲಿನಿಂದ ಯಾರಾದರೂ ಓಗೊಡುವ ಹಾಗೆ, ಉದ್ದಕ್ಕೆ, ಸಮಾಧಾನವಾಗಿ ಹೇಳಿದರು.

"ಓ..."

ಆ ಕಡೆ ಬಡಿತ ನಿಂತಿತು. ಅತ್ತೆಗೆ ಅಂಟಿಕೊಂಡು ನಿಂತು ನಾನೂ ಕಿವಿ ಕೊಟ್ಟೆ, ಉಸಿರಾಟವಷ್ಟೇ ಕೇಳುತ್ತಿತ್ತು. ಆಮೇಲೆ ಮಿಸ್ ರೂತ್ ದನಿ ಬಂತು, ನಾನು ಹಿಂದೆಂದೂ ಕೇಳಿರದ, ಸ್ವಲ್ಪ ಗದರುವ, ಹೆಂಡತಿಯ ದನಿ. ಏನೋ ಒಂದೇ ಒಂದು ಸಣ್ಣ ವಾಕ್ಯ ಹೇಳಿದರು. ಫೋನ್ ಇಟ್ಟ ಸದ್ದಾಯಿತು.

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಊಟಕ್ಕೆ ಕರೆದ್ಲು, ಅಲ್ವಾ?" ಎಂದರು.